ಗೊರೊಂಗೊರೊ ದಾರಿಯಲ್ಲಿ ಕರಾಟು

ಉತ್ತರ ತಾಂಜಾನಿಯಾದ ಸಫಾರಿ ಮುಗಿಸಿ ಬಂದವರು ಗೊರೊಂಗೊರೊದ ಸಿಂಹಗಳನ್ನು ಎಷ್ಟು ಹೊತ್ತು ಬೇಕಾದರೂ ಬಣ್ಣಿಸುತ್ತಾರೆ. ಅದರ ಹಿಂದಿನ ರಾತ್ರಿ ತಂಗಿದ್ದ ಊರು ಯಾವುದೆಂದು ಕೇಳಿದರೆ ತಡವರಿಸುತ್ತಾರೆ. ಬಹುತೇಕ ಅದು ಕರಾಟು.

ಆರುಷಾದಿಂದ ಹೊರಟ ರಸ್ತೆ ಮನ್ಯಾರಾ ಸರೋವರದ ಬಳಿ ರಿಫ್ಟ್ ಕಣಿವೆಯ ಕಡಿದಾದ ಅಂಚನ್ನು ಹತ್ತುತ್ತದೆ. ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿ, ಕೆಂಪು ಮಣ್ಣಿನ ಹೊಲಗಳ ನಡುವೆ ಈ ಊರಿದೆ. ಚೆಂದದ ಊರೇನಲ್ಲ. ಹೆದ್ದಾರಿಯ ಎರಡೂ ಬದಿ ಅಂಗಡಿ, ಬ್ಯಾಂಕು, ಪೆಟ್ರೋಲ್ ಬಂಕು, ಟೈರಿಗೆ ಪಂಕ್ಚರ್ ಹಾಕುವವರು. ಸೆರೆಂಗೆಟಿಗೆ ಹೋಗುವ ಚಾಲಕರು ಇಲ್ಲಿ ಟ್ಯಾಂಕ್ ತುಂಬಿಸದೆ ಮುಂದೆ ಹೋಗುವುದಿಲ್ಲ. ಗೊರೊಂಗೊರೊ ಪ್ರವೇಶದ ಲೊಡೊಆರೆ ಗೇಟು ದಾಟಿದರೆ ಡಾಂಬರು ಮುಗಿಯುತ್ತದೆ.

ಇಲ್ಲಿ ತಂಗುವುದಕ್ಕೆ ಕಾರಣ ಲೆಕ್ಕಾಚಾರ. ಗೊರೊಂಗೊರೊ ಸಂರಕ್ಷಿತ ಪ್ರದೇಶದ ಪ್ರವೇಶ ಪರವಾನಗಿ 24 ಗಂಟೆಯದು; ಒಳಗೆ ಮಲಗಿದರೆ ಅದಕ್ಕೆ ಬೇರೆ ಶುಲ್ಕ. ಅದರೊಳಗಿನ ಜ್ವಾಲಾಮುಖಿ ಕುಳಿಯ ಅಂಚಿನ ಹೋಟೆಲುಗಳು ದುಬಾರಿ, ಅಲ್ಲಿನ ಚಳಿಯೂ ಜೋರು. ಹಾಗಾಗಿ ಕರಾಟುವಿನಲ್ಲಿ ಮಲಗಿ, ಊಟದ ಡಬ್ಬಿ ಕಟ್ಟಿಸಿಕೊಂಡು, ನಸುಕಿನಲ್ಲೇ ಗೇಟಿನ ಮುಂದೆ ಸಾಲು ನಿಲ್ಲುವುದು ರೂಢಿ. 600 ಮೀಟರ್ ಆಳದ ಆ ಕುಳಿಗೆ ಬೇಗ ಇಳಿದಷ್ಟೂ ಪ್ರಾಣಿಗಳು ಕಾಣುವುದು ಹೆಚ್ಚು.

ಆದರೆ ಕುಳಿ ನೋಡಿ ಬಂದ ಮೇಲೆ ಅರ್ಧ ದಿನ ಊರಿಗೂ ಕೊಡಬೇಕು. ಸುತ್ತಲಿನ ಬೇಸಾಯ ಹೆಚ್ಚಾಗಿ ಇರಾಕ್ವ್ ಜನರದು. ಅವರ ನುಡಿ ನೆರೆಯ ಬಾಂಟು ಭಾಷೆಗಳಿಗೆ ಸೇರಿದ್ದಲ್ಲ. ಇಥಿಯೋಪಿಯಾ ಕಡೆಯ ಕುಷಿಟಿಕ್ ಬಳಗದ್ದು. ದನ ಹೊಡೆದೊಯ್ಯುತ್ತಿದ್ದ ಮಸಾಯಿಗಳ ಕಣ್ಣಿಗೆ ಬೀಳದಂತೆ ಅವರ ಹಿರಿಯರು ಗುಡ್ಡದ ಇಳಿಜಾರನ್ನು ಕೊರೆದು ಮನೆ ಕಟ್ಟಿ, ಮೇಲೆ ಮಣ್ಣಿನ ಮಾಡು ಹೊದಿಸುತ್ತಿದ್ದರು. ದನಗಳಿಗೂ ಅದರೊಳಗೇ ಜಾಗ. ದೂರದಿಂದ ನೋಡಿದವರಿಗೆ ಅದು ಬರೀ ಗುಡ್ಡ.

ಮೇಲಿನ ಇಳಿಜಾರುಗಳಲ್ಲಿ ಜರ್ಮನ್ ವಲಸಿಗರ ಕಾಲದ ಕಾಫಿ ತೋಟಗಳಿವೆ. ಅವಕ್ಕೆ ಅಂಟಿಕೊಂಡೇ ಕಾಡು. ಆನೆಗಳು ಆಗಾಗ ಬೇಲಿ ದಾಟಿ ಬರುತ್ತವೆ. ಸಕಲೇಶಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಿಂಗಳ 7ನೇ ತಾರೀಕು ಇಲ್ಲಿ ದೊಡ್ಡ ಸಂತೆ, ಸ್ವಾಹಿಲಿಯಲ್ಲಿ ‘ಮ್ನಾಡಾ’. ದನ, ಆಡು, ರಾಶಿ ಹಾಕಿದ ಹಳೇ ಬಟ್ಟೆ, ಟೈರು ಕತ್ತರಿಸಿ ಹೊಲಿದ ಚಪ್ಪಲಿ, ಕೆಂಡದ ಮೇಲೆ ಸುಡುವ ಮಾಂಸ. ಪ್ರವಾಸಿಗಳಿಗಾಗಿ ಜೋಡಿಸಿದ ಅಂಗಡಿ ಸಾಲಲ್ಲ ಇದು. ಕೊಳ್ಳುವವರೆಲ್ಲ ಸುತ್ತಲ ಹಳ್ಳಿಯವರು. ಪ್ರಯಾಣದ ದಿನಾಂಕ ಹಿಂದೆ ಮುಂದೆ ಮಾಡಿಯಾದರೂ ಇದನ್ನು ನೋಡಬೇಕು ಎಂಬುದು ನನ್ನ ಸಲಹೆ.

ಇನ್ನೊಂದು ದಿನ ಕೈಯಲ್ಲಿದ್ದರೆ ನೈರುತ್ಯಕ್ಕೆ ಎಯಾಸಿ ಸರೋವರದತ್ತ ಇಳಿಯಬಹುದು. ಊಟೆಯ ನೀರಿನಲ್ಲಿ ಈರುಳ್ಳಿ ಬೆಳೆಯುವ ಹೊಲಗಳು, ಬಿಲ್ಲು ಹಿಡಿದ ಹಾಡ್ಜಾ ಬೇಟೆಗಾರರು, ದಾತೋಗಾ ಕಮ್ಮಾರರು ಇರುವುದು ಅಲ್ಲಿ. ಈ ಕಮ್ಮಾರರು ಹಳೇ ಬೀಗ, ನಲ್ಲಿಗಳನ್ನು ಮೂಸೆಯಲ್ಲಿ ಕರಗಿಸಿ ಹಿತ್ತಾಳೆ ಬಳೆ ಎರಕ ಹೊಯ್ಯುತ್ತಾರೆ, ಮೊಳೆ ಬಡಿದು ಬಾಣದ ಮೊನೆ ಮಾಡುತ್ತಾರೆ. ಆ ಮೊನೆಗಳನ್ನು ಕೊಳ್ಳುವವರು ಹಾಡ್ಜಾಗಳೇ.