ಪೆಟ್ಟಿಗೆಗಳನ್ನು ಜೋಡಿಸಿ ಪಿಟೀಲಿಗೆ ಸ್ವರ ಬರೆಯೋಣ

ಪಿಟೀಲು ಅಥವಾ ಸಿತಾರ್ ನುಡಿಸುವವರು ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ಸ್ವರಲಿಪಿಯನ್ನು ನೋಡಿ ನುಡಿಸುತ್ತಾರೆ, ಇಲ್ಲವೇ ಕಲಿತದ್ದನ್ನು ನೆನಪಿನಿಂದ ನುಡಿಸುತ್ತಾರೆ. ಮೂರನೆಯ ದಾರಿಯೊಂದಿದೆ. ಅವರು ನುಡಿಸುತ್ತಿರುವಾಗಲೇ ಕಂಪ್ಯೂಟರ್ ಮುಂದಿನ ಸ್ವರಗಳನ್ನು ಆರಿಸಿ ಪರದೆಯ ಮೇಲೆ ತೋರಿಸುತ್ತದೆ. ಇದಕ್ಕೆ ಲೈವ್ ಸ್ಕೋರ್ ಎಂದು ಹೆಸರು.

ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇಂಗ್ಲಿಷಿನ ಸಾಲು ಸಾಲು ಕೋಡ್ ಕಂಡರೆ ಅಂಜಿಕೆ ಇತ್ತು. ನನ್ನಂತಹವರಿಗೆ ದೃಶ್ಯ ಪ್ರೋಗ್ರಾಮಿಂಗ್ ಒಳ್ಳೆಯ ಬಾಗಿಲು. ಇಲ್ಲಿ ಒಂದೊಂದು ಕೆಲಸಕ್ಕೂ ಒಂದು ಪೆಟ್ಟಿಗೆ. ಪೆಟ್ಟಿಗೆಗಳ ನಡುವೆ ಗೆರೆ ಎಳೆದರೆ ಪ್ರೋಗ್ರಾಂ ಸಿದ್ಧ. ಮಿಲ್ಲರ್ ಪಕೆಟ್ ಎಂಬುವರು 1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆಯಲ್ಲಿ ಮ್ಯಾಕ್ಸ್ ಎಂಬ ಇಂತಹ ತಂತ್ರಾಂಶವನ್ನು ರೂಪಿಸಿದರು. 1990ರ ದಶಕದಲ್ಲಿ ಅವರೇ ಮಾಡಿದ ಪ್ಯೂರ್ ಡೇಟಾ ಉಚಿತವಾಗಿ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಒಂದು ಸಣ್ಣ ಉದಾಹರಣೆ ನೋಡೋಣ. ಕಂಪ್ಯೂಟರಿಗೆ ಸ್ವರವೆಂದರೆ ಒಂದು ಸಂಖ್ಯೆ. 440 ಹರ್ಟ್ಸ್ ಸ್ವರಕ್ಕೆ 69. ಸಂಖ್ಯೆ 12 ಹೆಚ್ಚಿದರೆ ಆವೃತ್ತಿ ಎರಡು ಪಟ್ಟಾಗುತ್ತದೆ. 62ನ್ನು ಷಡ್ಜವೆಂದು ಇಟ್ಟುಕೊಂಡರೆ ಮೋಹನ ರಾಗದ ಸ, ರಿ, ಗ, ಪ, ದ ಸ್ವರಗಳಿಗೆ 62, 64, 66, 69, 71 ಬರುತ್ತವೆ. ‘ಮೆಟ್ರೊ 1000’ ಎಂಬ ಪೆಟ್ಟಿಗೆ ಪ್ರತಿ 1000 ಮಿಲಿಸೆಕೆಂಡಿಗೆ, ಅಂದರೆ ಸೆಕೆಂಡಿಗೊಮ್ಮೆ, ಸೂಚನೆ ಕೊಡುತ್ತದೆ. ‘ರ‍್ಯಾಂಡಮ್ 5’ ಆ ಸೂಚನೆ ಬಂದಾಗಲೆಲ್ಲ 0ಯಿಂದ 4ರೊಳಗೆ ಒಂದು ಸಂಖ್ಯೆ ಆರಿಸುತ್ತದೆ. ಅದಕ್ಕೆ ತಕ್ಕ ಸ್ವರದ ಹೆಸರನ್ನು ಪರದೆಗೆ ಕಳಿಸಿದರೆ ಲೈವ್ ಸ್ಕೋರಿನ ಮೊದಲ ಹೆಜ್ಜೆ ಮುಗಿಯಿತು.

ಆದರೆ ಸ್ವರ ಆರಿಸುವುದು ಸುಲಭದ ಭಾಗ. ನುಡಿಸುವ ಕೈಗೆ ಅದು ಸಾಧ್ಯವೇ ಎಂದು ನೋಡುವುದೇ ನಿಜವಾದ ಕೆಲಸ. ಪಾಶ್ಚಾತ್ಯ ಪದ್ಧತಿಯ ಪಿಟೀಲಿನ ನಾಲ್ಕು ತಂತಿಗಳ ಸಂಖ್ಯೆ 55, 62, 69, 76. 62ಕ್ಕಿಂತ ಕೆಳಗಿನ ಸ್ವರಗಳು ಮೊದಲ ತಂತಿಯಲ್ಲಿ ಮಾತ್ರ ಸಿಗುತ್ತವೆ. ಕಂಪ್ಯೂಟರ್ 57 ಮತ್ತು 60ನ್ನು ಒಟ್ಟಿಗೆ ಕೇಳಿದರೆ ಎಂತಹ ವಿದ್ವಾಂಸರೂ ನುಡಿಸಲಾರರು. ಒಂದೇ ತಂತಿಯಲ್ಲಿ ಏಕಕಾಲಕ್ಕೆ ಎರಡು ಸ್ವರ ಬರುವುದಿಲ್ಲ. ಆದ್ದರಿಂದ ‘ಎರಡೂ 62ಕ್ಕಿಂತ ಕಡಿಮೆ ಇದ್ದರೆ ಒಂದನ್ನು ಬಿಡು’ ಎಂಬ ನಿಯಮದ ಪೆಟ್ಟಿಗೆಯನ್ನೂ ಸೇರಿಸಬೇಕು. ನಮ್ಮ ಕರ್ನಾಟಕ ಸಂಗೀತದ ಪಿಟೀಲಿಗೆ ಸ-ಪ-ಸ-ಪ ಶ್ರುತಿ. ಅಲ್ಲಿ ಸಂಖ್ಯೆಗಳು ಬದಲಾಗುತ್ತವೆ, ನಿಯಮ ಅದೇ.

ಎರಡನೆಯದು ಕಣ್ಣಿನ ವಿಷಯ. ಸ್ವರ ಪರದೆಗೆ ಬಂದ ಕ್ಷಣವೇ ನುಡಿಸಲು ಯಾರಿಗೂ ಆಗುವುದಿಲ್ಲ. ಓದಿ, ಬೆರಳು ಇಟ್ಟು, ಕಮಾನು ಎಳೆಯಲು ಸಮಯ ಬೇಕು. ಹಾಗಾಗಿ ನಾಲ್ಕು ಸ್ವರಗಳನ್ನಾದರೂ ಮುಂಚಿತವಾಗಿ ತೋರಿಸುವುದು ಒಳ್ಳೆಯದು. ಮೈಕ್ ಜೋಡಿಸಿದರೆ ಇನ್ನೊಂದು ಅನುಕೂಲ: ನಾದದ ಮಟ್ಟವನ್ನು ಅಳೆಯುವ ಪೆಟ್ಟಿಗೆಯಿದೆ. ವಾದಕರು ಮೆಲ್ಲಗೆ ನುಡಿಸಿದಾಗ ಕಂಪ್ಯೂಟರ್ ಕೂಡ ನಿಧಾನವಾಗುವಂತೆ ಮಾಡಬಹುದು. ಆಗ ಯಂತ್ರ ಬರೀ ಹುಕುಂ ಕೊಡುವುದಿಲ್ಲ, ವಾದಕರ ಮಾತನ್ನೂ ಕೇಳುತ್ತದೆ.

ಇದಕ್ಕೆ ಮಿತಿಯೂ ಇದೆ. ಪರದೆ ‘ಗ’ ಎನ್ನಬಹುದು. ಆ ಗಾಂಧಾರದ ಗಮಕ ಹೇಗಿರಬೇಕೆಂದು ಗುರುವಿನ ಮುಂದೆ ಕುಳಿತೇ ಕಲಿಯಬೇಕು. ಐದು ಸ್ವರಗಳನ್ನು ಹೇಗೆಂದರೆ ಹಾಗೆ ಜೋಡಿಸಿದ ಮಾತ್ರಕ್ಕೆ ಮೋಹನ ರಾಗ ಆಗುವುದಿಲ್ಲ.

ಸಂಗೀತಕ್ಕೂ ಎಲೆಕ್ಟ್ರಾನಿಕ್ಸ್‌ಗೂ ನಮ್ಮ ಊರಿನಲ್ಲಿ ಹಳೆಯ ನಂಟು. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ತಯಾರಿಸಿದ್ದು ಬೆಂಗಳೂರಿನಲ್ಲೇ. ಎರಡೂ ವಿದ್ಯೆ ಬಲ್ಲವರಿಂದ ಆದ ಕೆಲಸವದು. ನಮ್ಮಲ್ಲಿ ಎರಡನ್ನೂ ಬಲ್ಲವರು ಇಲ್ಲದಿದ್ದರೂ ಇಬ್ಬರು ಜೊತೆಗೂಡಬಹುದು. ಆರ್.ಟಿ. ನಗರದಿಂದ ಯಲಹಂಕದವರೆಗೆ ನಮ್ಮ ಸಹಪಾಠಿಗಳಲ್ಲಿ ಪಿಟೀಲೋ ಗಿಟಾರೋ ಕಲಿಯುತ್ತಿರುವವರು ಇದ್ದೇ ಇರುತ್ತಾರೆ. ಪ್ರೋಗ್ರಾಂ ಶುರುಮಾಡುವ ಮೊದಲು ಅವರ ಪಕ್ಕದಲ್ಲಿ ಕುಳಿತು, ಯಾವ ಸ್ವರದಿಂದ ಯಾವ ಸ್ವರಕ್ಕೆ ಬೆರಳು ಸುಲಭವಾಗಿ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ನಿಯಮದ ಪೆಟ್ಟಿಗೆಗಳು ಆ ಪಟ್ಟಿಯಿಂದಲೇ ಹುಟ್ಟುತ್ತವೆ.