ಕಂಪನಿಗಳು ಹೊಸ ಲೆಕ್ಕಪತ್ರ ಮಾನಕಗಳನ್ನು ಅಳವಡಿಸಿಕೊಳ್ಳುವ ವಿಧಾನ: ಸಾರ್ವಜನಿಕರ ಮಾಹಿತಿಗಾಗಿ

ಕಲ್ಯಾಣಪುರ, ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪ್ರದೇಶಗಳಲ್ಲಿ ಕಂಪನಿಯನ್ನು ನೋಂದಾಯಿಸಿರುವ ಅಥವಾ ನೋಂದಾಯಿಸಲು ಉದ್ದೇಶಿಸಿರುವ ಉದ್ಯಮಿಗಳು, ನಿರ್ದೇಶಕರು ಮತ್ತು ಷೇರುದಾರರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಹೊಸ ಮಾನಕಗಳು ಯಾರಿಗೆ ಕಡ್ಡಾಯ, ಯಾರಿಗೆ ಐಚ್ಛಿಕ ಮತ್ತು ಅವುಗಳನ್ನು ಒಮ್ಮೆ ಅಳವಡಿಸಿಕೊಂಡ ನಂತರ ಉಂಟಾಗುವ ಪರಿಣಾಮಗಳೇನು ಎಂಬುದನ್ನು ನಿರ್ಧಾರ ಕೈಗೊಳ್ಳುವ ಮುನ್ನವೇ ತಿಳಿದಿರುವುದು ಅವಶ್ಯಕ.

1. ಹಿನ್ನೆಲೆ

ಕಂಪನಿಗಳ ಅಧಿನಿಯಮ, 2013ರ 133ನೇ ಪ್ರಕರಣದ ಮೇರೆಗೆ ಕೇಂದ್ರ ಸರ್ಕಾರವು ಲೆಕ್ಕಪತ್ರ ಮಾನಕಗಳನ್ನು ನಿಗದಿಪಡಿಸುತ್ತದೆ. ಅಂತರರಾಷ್ಟ್ರೀಯ ಮಾನಕಗಳಿಗೆ ಹೊಂದುವಂತೆ ರೂಪಿಸಲಾದ ಭಾರತೀಯ ಲೆಕ್ಕಪತ್ರ ಮಾನಕಗಳ ನಿಯಮಗಳನ್ನು 2015ರ ಫೆಬ್ರುವರಿ 16ರಂದು ಅಧಿಸೂಚಿಸಲಾಯಿತು. ಇವು ‘ಇಂಡ್ ಎಎಸ್’ ಎಂಬ ಹೆಸರಿನಿಂದ ಪರಿಚಿತವಾಗಿವೆ. ಇವುಗಳ ವ್ಯಾಪ್ತಿಗೆ ಒಳಪಡದ ಕಂಪನಿಗಳಿಗೆ ಕಂಪನಿಗಳ (ಲೆಕ್ಕಪತ್ರ ಮಾನಕಗಳು) ನಿಯಮಗಳು, 2021 ಅನ್ವಯಿಸುತ್ತವೆ.

2. ಅನ್ವಯಿಸುವಿಕೆ

ಇಂಡ್ ಎಎಸ್ ಮಾನಕಗಳನ್ನು ಈ ಕೆಳಕಂಡ ಹಂತಗಳಲ್ಲಿ ಜಾರಿಗೆ ತರಲಾಯಿತು:

(ಅ) ನಿವ್ವಳ ಮೌಲ್ಯ 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳಿಗೆ 1-4-2016ರಿಂದ.

(ಆ) ಷೇರು ವಿನಿಮಯ ಕೇಂದ್ರಗಳಲ್ಲಿ ನೋಂದಾಯಿತವಾದ ಇತರ ಕಂಪನಿಗಳಿಗೆ ಹಾಗೂ ನಿವ್ವಳ ಮೌಲ್ಯ 250 ಕೋಟಿ ರೂಪಾಯಿಗಿಂತ ಕಡಿಮೆಯಿಲ್ಲದ ಇತರ ಕಂಪನಿಗಳಿಗೆ 1-4-2017ರಿಂದ. ಸಣ್ಣ ಮತ್ತು ಮಧ್ಯಮ ಉದ್ಯಮಗಳ ಪ್ರತ್ಯೇಕ ವಿನಿಮಯ ವೇದಿಕೆಯಲ್ಲಿ ಮಾತ್ರ ನೋಂದಾಯಿತವಾದ ಕಂಪನಿಗಳಿಗೆ ಇದರಿಂದ ವಿನಾಯಿತಿ ಇದೆ.

(ಇ) ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ನಿವ್ವಳ ಮೌಲ್ಯಕ್ಕೆ ಅನುಗುಣವಾಗಿ 1-4-2018 ಮತ್ತು 1-4-2019ರಿಂದ.

ಮೇಲ್ಕಂಡ ಕಂಪನಿಗಳ ಅಂಗಸಂಸ್ಥೆಗಳು, ಸಹವರ್ತಿ ಸಂಸ್ಥೆಗಳು ಮತ್ತು ಜಂಟಿ ಉದ್ಯಮಗಳು ಗಾತ್ರದಲ್ಲಿ ಎಷ್ಟೇ ಚಿಕ್ಕವಾಗಿದ್ದರೂ ಇದೇ ಮಾನಕಗಳನ್ನು ಅನುಸರಿಸತಕ್ಕದ್ದು. ಆದ್ದರಿಂದ ದೊಡ್ಡ ಕಂಪನಿಯೊಂದು ಸ್ಥಳೀಯ ಕಿರು ಕಂಪನಿಯ ಬಹುಪಾಲು ಷೇರುಗಳನ್ನು ಖರೀದಿಸಲು ಮುಂದಾದಲ್ಲಿ ಈ ಅಂಶವನ್ನು ಮೊದಲೇ ಪರಿಶೀಲಿಸುವುದು ಸೂಕ್ತ.

ಉಡುಪಿಯಲ್ಲಿ ಜನ್ಮತಳೆದ ಕಾರ್ಪೊರೇಷನ್ ಬ್ಯಾಂಕ್ (1906) ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳ (1925) ಷೇರುಗಳನ್ನು ಹೊಂದಿದ್ದ ಕುಟುಂಬಗಳು ಈ ಭಾಗದಲ್ಲಿವೆ. ಬ್ಯಾಂಕುಗಳಿಗೆ ಇಂಡ್ ಎಎಸ್ ಅನ್ವಯಿಸುವುದನ್ನು ಭಾರತೀಯ ರಿಸರ್ವ್ ಬ್ಯಾಂಕು 2019ರ ಮಾರ್ಚ್ 22ರಂದು ಮುಂದಿನ ಆದೇಶದವರೆಗೆ ಮುಂದೂಡಿತು. ಸದರಿ ಎರಡು ಬ್ಯಾಂಕುಗಳು 1-4-2020ರಂದು ಅನುಕ್ರಮವಾಗಿ ಯೂನಿಯನ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳಲ್ಲಿ ವಿಲೀನಗೊಂಡವು. ಹೀಗಾಗಿ ಅವುಗಳ ವಾರ್ಷಿಕ ಲೆಕ್ಕಪತ್ರಗಳು ಕೊನೆಯವರೆಗೂ ಹಿಂದಿನ ಮಾನಕಗಳಂತೆಯೇ ಪ್ರಕಟವಾದವು.

ಸಹಕಾರ ಸಂಘಗಳು ಮತ್ತು ಪಾಲುದಾರಿಕೆ ಸಂಸ್ಥೆಗಳು ಕಂಪನಿಗಳಲ್ಲ. ಅವುಗಳಿಗೆ ಈ ನಿಯಮಗಳು ಅನ್ವಯಿಸುವುದಿಲ್ಲ.

3. ಅಳವಡಿಕೆಯ ಕ್ರಮ

ಮೊದಲ ಬಾರಿಯ ಅಳವಡಿಕೆಯನ್ನು ಇಂಡ್ ಎಎಸ್ 101ರಂತೆ ನಡೆಸಬೇಕು. ಒಂದು ವರ್ಷದ ಲೆಕ್ಕವನ್ನು ಹೊಸ ಮಾನಕದಂತೆ ಬರೆಯಬೇಕಾದರೆ ಅದರ ಹಿಂದಿನ ವರ್ಷದ ಲೆಕ್ಕವನ್ನೂ ಹೋಲಿಕೆಗಾಗಿ ಹೊಸದಾಗಿ ಬರೆಯಬೇಕಾಗುತ್ತದೆ. ಆ ಹಿಂದಿನ ವರ್ಷದ ಮೊದಲ ದಿನವೇ ‘ಪರಿವರ್ತನಾ ದಿನಾಂಕ’. ಉದಾಹರಣೆಗೆ, ಮಂಗಳೂರಿನ ಎಂಆರ್‌ಪಿಎಲ್ ಸಂಸ್ಥೆಯು 2016-17ನೇ ಸಾಲಿನಿಂದ ಇಂಡ್ ಎಎಸ್ ಅನುಸರಿಸಿತು. ಅದರ ಪರಿವರ್ತನಾ ದಿನಾಂಕ 1-4-2015 ಆಗಿತ್ತು.

ಅನುಸರಿಸಬೇಕಾದ ಹಂತಗಳು:

(ಅ) ಪರಿವರ್ತನಾ ದಿನಾಂಕಕ್ಕೆ ಹೊಸ ಆರಂಭಿಕ ಅಢಾವೆ ಪತ್ರಿಕೆಯನ್ನು ಸಿದ್ಧಪಡಿಸುವುದು.

(ಆ) ಪ್ರತಿಯೊಂದು ಆಸ್ತಿ ಮತ್ತು ಹೊಣೆಯನ್ನು ಹೊಸ ಮಾನಕದಂತೆ ಸೇರಿಸುವುದು, ಕೈಬಿಡುವುದು ಅಥವಾ ಮರುಮೌಲ್ಯಮಾಪನ ಮಾಡುವುದು. ಮಾನಕವೇ ನೀಡಿರುವ ವಿನಾಯಿತಿಗಳಲ್ಲಿ ಯಾವುದನ್ನು ಬಳಸಲಾಗಿದೆ ಎಂಬುದನ್ನು ದಾಖಲಿಸುವುದು.

(ಇ) ಇದರಿಂದ ಉಂಟಾಗುವ ವ್ಯತ್ಯಾಸವನ್ನು ಸಾಮಾನ್ಯವಾಗಿ ಆ ವರ್ಷದ ಲಾಭ-ನಷ್ಟಕ್ಕೆ ತೆಗೆದುಕೊಳ್ಳದೆ ನೇರವಾಗಿ ಸಂಚಿತ ಲಾಭದಲ್ಲಿ ಸರಿಹೊಂದಿಸುವುದು.

(ಈ) ಹಳೆಯ ಮತ್ತು ಹೊಸ ಮಾನಕಗಳಂತೆ ಬಂದ ನಿವ್ವಳ ಮೌಲ್ಯ ಹಾಗೂ ಲಾಭವನ್ನು ಹೋಲಿಸುವ ಸಮನ್ವಯ ತಃಖ್ತೆಯನ್ನು ಪ್ರಕಟಿಸುವುದು.

ಷೇರುದಾರರು ವಾರ್ಷಿಕ ವರದಿಯಲ್ಲಿ ಮೊದಲು ಗಮನಿಸಬೇಕಾದದ್ದು ಈ ಸಮನ್ವಯ ತಃಖ್ತೆಯನ್ನೇ. ಲಾಭದಲ್ಲಿ ಆದ ಏರಿಳಿತ ವ್ಯಾಪಾರದಿಂದ ಬಂದದ್ದೋ ಅಥವಾ ಅಳತೆಗೋಲು ಬದಲಾದುದರಿಂದ ಬಂದದ್ದೋ ಎಂಬುದು ಅದರಿಂದ ಮಾತ್ರ ಸ್ಪಷ್ಟವಾಗುತ್ತದೆ.

4. ದೃಷ್ಟಾಂತ

ಕಂಪನಿಯೊಂದು ಸಂತೆಕಟ್ಟೆಯಲ್ಲಿ ಗೋದಾಮೊಂದನ್ನು 5 ವರ್ಷಗಳ ಅವಧಿಗೆ ಬಾಡಿಗೆಗೆ ಪಡೆದಿದೆ ಎಂದು ಭಾವಿಸಿ. ಬಾಡಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ, ಪಾವತಿ ವರ್ಷಾಂತ್ಯದಲ್ಲಿ. ಹಿಂದಿನ ಮಾನಕದಂತೆ ಪ್ರತಿ ವರ್ಷವೂ 12 ಲಕ್ಷ ರೂಪಾಯಿ ಖರ್ಚು ಬೀಳುತ್ತದೆ. ಅಢಾವೆ ಪತ್ರಿಕೆಯಲ್ಲಿ ಗೋದಾಮಿನ ಉಲ್ಲೇಖವಿರುವುದಿಲ್ಲ.

1-4-2019ರಿಂದ ಜಾರಿಗೆ ಬಂದ ಇಂಡ್ ಎಎಸ್ 116ರಂತೆ, ಮುಂದೆ ಕೊಡಬೇಕಾದ ಬಾಡಿಗೆಯ ಇಂದಿನ ಮೌಲ್ಯವನ್ನು ಒಂದೆಡೆ ಆಸ್ತಿಯಾಗಿ, ಇನ್ನೊಂದೆಡೆ ಸಾಲದ ಹೊಣೆಯಾಗಿ ತೋರಿಸಬೇಕು. ಶೇಕಡಾ 10ರ ಬಡ್ಡಿ ದರದಲ್ಲಿ ಈ ಮೊತ್ತ ಸುಮಾರು 45.49 ಲಕ್ಷ ರೂಪಾಯಿ. ಮೊದಲ ವರ್ಷ ಸವಕಳಿ ಮತ್ತು ಬಡ್ಡಿ ಸೇರಿ ಸುಮಾರು 13.65 ಲಕ್ಷ ರೂಪಾಯಿ ಖರ್ಚು ಬೀಳುತ್ತದೆ. ಕೊನೆಯ ವರ್ಷ ಅದು ಸುಮಾರು 10.19 ಲಕ್ಷಕ್ಕೆ ಇಳಿಯುತ್ತದೆ. ಐದು ವರ್ಷಗಳ ಒಟ್ಟು ಖರ್ಚು ಎರಡೂ ವಿಧಾನಗಳಲ್ಲಿ 60 ಲಕ್ಷ ರೂಪಾಯಿಯೇ. ಕಂಪನಿಯ ಕೈಯಿಂದ ಹೋಗುವ ಹಣದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಾಗುವುದಿಲ್ಲ.

ಆದರೂ ಪುಸ್ತಕದಲ್ಲಿ ಸಾಲದ ಹೊಣೆ ಹೆಚ್ಚುತ್ತದೆ. ಬ್ಯಾಂಕಿನ ಸಾಲದ ಕರಾರಿನಲ್ಲಿ ಸಾಲ ಮತ್ತು ಬಂಡವಾಳದ ಅನುಪಾತಕ್ಕೆ ಮಿತಿ ವಿಧಿಸಿದ್ದಲ್ಲಿ, ಹೊಸ ಸಾಲ ಪಡೆಯದೆಯೂ ಆ ಮಿತಿ ಮೀರುವ ಸಂಭವವಿದೆ. ಆದ್ದರಿಂದ ಅಳವಡಿಕೆಗೆ ಮುನ್ನ ಸಾಲದ ಕರಾರುಗಳನ್ನು ಪರಿಶೀಲಿಸಿ ಬ್ಯಾಂಕಿನೊಂದಿಗೆ ಚರ್ಚಿಸತಕ್ಕದ್ದು.

5. ಸ್ವಇಚ್ಛೆಯ ಅಳವಡಿಕೆ: ಮುಖ್ಯ ಸೂಚನೆ

ಕಡ್ಡಾಯವಲ್ಲದ ಕಂಪನಿಯೂ ಸ್ವಇಚ್ಛೆಯಿಂದ ಇಂಡ್ ಎಎಸ್ ಅನುಸರಿಸಬಹುದು. ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ ಈ ಅವಕಾಶವಿಲ್ಲ. ಆದರೆ ಒಮ್ಮೆ ಅನುಸರಿಸಿದ ನಂತರ ಹಿಂದಿನ ಮಾನಕಗಳಿಗೆ ಮರಳಲು ಅವಕಾಶವಿರುವುದಿಲ್ಲ. ನಿವ್ವಳ ಮೌಲ್ಯವು ಮುಂದೆ ಮಿತಿಗಿಂತ ಕೆಳಗಿಳಿದರೂ ಇದೇ ನಿಯಮ ಅನ್ವಯಿಸುತ್ತದೆ. ಮೌಲ್ಯಮಾಪನ, ಲೆಕ್ಕಪರಿಶೋಧನೆ ಮತ್ತು ಸಿಬ್ಬಂದಿ ತರಬೇತಿಯ ವೆಚ್ಚ ಪ್ರತಿ ವರ್ಷವೂ ಮುಂದುವರಿಯುತ್ತದೆ ಎಂಬುದನ್ನು ನಿರ್ದೇಶಕ ಮಂಡಳಿಯು ಗಮನದಲ್ಲಿರಿಸಿಕೊಳ್ಳಬೇಕು.

ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಗಿರದ, ಬ್ಯಾಂಕ್, ವಿಮೆ ಅಥವಾ ಹಣಕಾಸು ಸಂಸ್ಥೆಯಲ್ಲದ, ವಹಿವಾಟು 250 ಕೋಟಿ ಹಾಗೂ ಸಾಲ 50 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ 2021ರ ನಿಯಮಗಳಲ್ಲಿ ಹಲವು ಸಡಿಲಿಕೆಗಳಿವೆ. ಈ ಮಿತಿಯನ್ನು ಮೀರಿದ ಕಂಪನಿಯ ಮಾತೃಸಂಸ್ಥೆ ಅಥವಾ ಅಂಗಸಂಸ್ಥೆಗೆ ಸಡಿಲಿಕೆ ದೊರೆಯುವುದಿಲ್ಲ. ಬಹುತೇಕ ಸಣ್ಣ ಉದ್ಯಮಗಳಿಗೆ ಇದೇ ನಿಯಮಗಳು ಸಾಕಾಗುತ್ತವೆ.

6. ಲೆಕ್ಕಪತ್ರಗಳ ಸಲ್ಲಿಕೆ

ಲೆಕ್ಕಪತ್ರಗಳನ್ನು ನಿರ್ದೇಶಕ ಮಂಡಳಿಯು ಅನುಮೋದಿಸಿ, ಲೆಕ್ಕಪರಿಶೋಧಕರ ವರದಿಯೊಂದಿಗೆ ವಾರ್ಷಿಕ ಮಹಾಸಭೆಯ ಮುಂದಿಡಬೇಕು. ಸಭೆ ನಡೆದ 30 ದಿನಗಳೊಳಗೆ ಎಒಸಿ-4 ನಮೂನೆಯನ್ನು ಕಂಪನಿಗಳ ನಿಬಂಧಕರಿಗೆ ವಿದ್ಯುನ್ಮಾನ ಮಾದರಿಯಲ್ಲಿ ಸಲ್ಲಿಸತಕ್ಕದ್ದು. ಇಂಡ್ ಎಎಸ್ ಅನುಸರಿಸುವ ಕಂಪನಿಗಳು ಅನ್ವಯಿಸುವ ಪ್ರತ್ಯೇಕ ನಮೂನೆಯನ್ನು ಬಳಸಬೇಕು. ವಿಳಂಬವಾದಲ್ಲಿ ದಿನಕ್ಕೆ 100 ರೂಪಾಯಿಯಂತೆ ಹೆಚ್ಚುವರಿ ಶುಲ್ಕ ತೆರಬೇಕಾಗುತ್ತದೆ.

ಯಾವ ಮಾನಕ ತಮಗೆ ಅನ್ವಯಿಸುತ್ತದೆ ಎಂಬ ಬಗ್ಗೆ ಸಂದೇಹವಿದ್ದಲ್ಲಿ, ಆರ್ಥಿಕ ವರ್ಷ ಆರಂಭವಾಗುವ ಮುನ್ನವೇ ಸನ್ನದು ಲೆಕ್ಕಪರಿಶೋಧಕರನ್ನು ಸಂಪರ್ಕಿಸಿ ಲಿಖಿತ ಅಭಿಪ್ರಾಯ ಪಡೆಯುವುದು ಸೂಕ್ತ.