ಖಿನ್ನತೆಗೆ ಅಯಸ್ಕಾಂತ ಚಿಕಿತ್ಸೆ: ನೆನಪು ಹೋಗುತ್ತದೆಯೇ?

ಖಾನಾಪುರದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯ ತಾಯಿಗೆ ತಿಂಗಳುಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾರೊಡನೆಯೂ ಮಾತಿಲ್ಲ. ಬೆಳಗಾವಿಯ ಮನೋವೈದ್ಯರು ಕೊಟ್ಟ ಎರಡು ಬಗೆಯ ಮಾತ್ರೆಗಳಿಂದಲೂ ಹೆಚ್ಚಿನ ಗುಣ ಕಾಣಲಿಲ್ಲ. ಆಗ ವೈದ್ಯರು ಅಯಸ್ಕಾಂತದ ಚಿಕಿತ್ಸೆಯೊಂದನ್ನು ಸೂಚಿಸುತ್ತಾರೆ. ಮನೆಗೆ ಬಂದ ಕೂಡಲೇ ನೆಂಟರು ಹೆದರಿಸುತ್ತಾರೆ: “ಬೇಡಪ್ಪಾ, ತಲೆಗೆ ಕರೆಂಟ್ ಕೊಟ್ಟರೆ ಮಕ್ಕಳ ಹೆಸರೂ ಮರೆತುಹೋಗುತ್ತದೆ!” ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತದೆ. ಕಾಯಿಲೆ ಮಾತ್ರ ಮುಂದುವರಿಯುತ್ತದೆ.

ಇಂತಹ ಮನೆಗಳು ಅಪರೂಪವಲ್ಲ. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 20 ಜನರಲ್ಲಿ ಒಬ್ಬರು ಖಿನ್ನತೆಯಿಂದ ಬಳಲುತ್ತಾರೆ. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ಆದ್ದರಿಂದ ನೆನಪು ಹೋಗುತ್ತದೆಂಬ ಈ ಭಯ ಎಷ್ಟು ನಿಜ ಎಂದು ತಿಳಿಯುವುದು ಅಗತ್ಯ.

ಎರಡು ಬೇರೆ ಬೇರೆ ಚಿಕಿತ್ಸೆಗಳು

ಜನರು “ಶಾಕ್” ಎಂದು ಕರೆಯುವುದು ಇ.ಸಿ.ಟಿ. ಚಿಕಿತ್ಸೆಯನ್ನು. ಇದು 1938ರಲ್ಲಿ ರೋಮ್ ನಗರದಲ್ಲಿ ಆರಂಭವಾಯಿತು. ಇದರಲ್ಲಿ ತಲೆಯ ಮೂಲಕ ಅಲ್ಪ ಪ್ರಮಾಣದ ವಿದ್ಯುತ್ ಹಾಯಿಸಿ ಮಿದುಳಿನಲ್ಲಿ ಕೆಲ ಕ್ಷಣಗಳ ಫಿಟ್ಸ್ ಉಂಟುಮಾಡುತ್ತಾರೆ. ಹಿಂದೆ ಎಚ್ಚರವಿದ್ದಾಗಲೇ ಕೊಡುತ್ತಿದ್ದುದರಿಂದ ಅದರ ಭಯ ಜನರ ಮನಸ್ಸಿನಲ್ಲಿ ಉಳಿದಿದೆ. ಈಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇ.ಸಿ.ಟಿ. ಕೊಡುವುದನ್ನು ನಿಷೇಧಿಸಿದೆ.

ಅಯಸ್ಕಾಂತದ ಚಿಕಿತ್ಸೆಯ ಹೆಸರು ಟಿ.ಎಂ.ಎಸ್. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ಇದರ ಯಂತ್ರವನ್ನು ತೋರಿಸಿಕೊಟ್ಟರು. ಖಿನ್ನತೆಗೆ ಬಳಸಲು ಅಮೆರಿಕ 2008ರಲ್ಲಿ ಅನುಮತಿ ನೀಡಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಲಭ್ಯವಿದೆ.

ಇದು ಹೇಗೆ ಕೆಲಸ ಮಾಡುತ್ತದೆ?

ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅದರ ಸುತ್ತ ಅಯಸ್ಕಾಂತ ಶಕ್ತಿ ಹುಟ್ಟುತ್ತದೆ. ಆ ಶಕ್ತಿ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ ಹತ್ತಿರದ ವಸ್ತುವಿನಲ್ಲಿ ಮತ್ತೆ ವಿದ್ಯುತ್ ಹುಟ್ಟುತ್ತದೆ. ಇದು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ವ. ಟಿ.ಎಂ.ಎಸ್. ಯಂತ್ರದ ಸುರುಳಿಯನ್ನು ಹಣೆಯ ಎಡ ಮೇಲ್ಭಾಗದ ಬಳಿ ಹಿಡಿದಾಗ ಚರ್ಮ ಮತ್ತು ತಲೆಬುರುಡೆಯನ್ನು ದಾಟಿ ಎರಡು-ಮೂರು ಸೆಂಟಿಮೀಟರ್ ಆಳದಷ್ಟು ಮಾತ್ರ ಪ್ರಭಾವ ಬೀರುತ್ತದೆ. ಖಿನ್ನತೆಯಲ್ಲಿ ಮಂಕಾಗಿರುವ ಮಿದುಳಿನ ಮುಂಭಾಗದ ನರಕೋಶಗಳು ಇದರಿಂದ ಚುರುಕಾಗುತ್ತವೆ.

ಅರಿವಳಿಕೆ ಬೇಕಿಲ್ಲ; ಫಿಟ್ಸ್ ಬರಿಸುವುದೂ ಇಲ್ಲ. ರೋಗಿ ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರುತ್ತಾರೆ. ಟಕ್ ಟಕ್ ಎಂಬ ಜೋರಾದ ಸದ್ದಿಗಾಗಿ ಕಿವಿಗೆ ರಕ್ಷಣೆ ಕೊಡುತ್ತಾರೆ. ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ನಾಲ್ಕರಿಂದ ಆರು ವಾರ ಚಿಕಿತ್ಸೆ ನಡೆಯುತ್ತದೆ. ಒಂದು ಸಲಕ್ಕೆ 20ರಿಂದ 40 ನಿಮಿಷ ಬೇಕು. ಮೂರೇ ನಿಮಿಷದ ಹೊಸ ವಿಧಾನವೂ ಇದೆ. ಕೆನಡಾದಲ್ಲಿ 414 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಕಿರು ವಿಧಾನ ಹಳೆಯದಕ್ಕಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಎರಡರಲ್ಲೂ ಸುಮಾರು ಅರ್ಧದಷ್ಟು ರೋಗಿಗಳಿಗೆ ಒಳ್ಳೆಯ ಗುಣ ಸಿಕ್ಕಿತು. ಉಳಿದವರಿಗೆ ಅಷ್ಟು ಪ್ರಯೋಜನ ಆಗಲಿಲ್ಲ ಎಂಬುದನ್ನೂ ಮರೆಯಬಾರದು.

ನೆನಪಿನ ಮಾತು

ಇ.ಸಿ.ಟಿ.ಯಿಂದ ನೆನಪಿಗೆ ತೊಂದರೆ ಆಗುವುದು ನಿಜ. ಚಿಕಿತ್ಸೆಯ ದಿನಗಳಲ್ಲಿ ಹೊಸ ವಿಷಯ ನೆನಪಿಡುವುದು ಕಷ್ಟವಾಗುತ್ತದೆ. ಇದು ಹೆಚ್ಚಾಗಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಚಿಕಿತ್ಸೆಯ ಆಸುಪಾಸಿನ ದಿನಗಳ ಕೆಲವು ಘಟನೆಗಳು ಕೆಲವರಿಗೆ ಮರಳಿ ನೆನಪಾಗದೇ ಹೋಗಬಹುದು. ಹಾಗಿದ್ದರೂ ಅನ್ನ ನೀರು ಬಿಟ್ಟು ಮಲಗಿದವರಿಗೆ, ಪ್ರಾಣ ಕಳೆದುಕೊಳ್ಳುವ ಅಪಾಯದಲ್ಲಿರುವವರಿಗೆ ಇ.ಸಿ.ಟಿ. ಇಂದಿಗೂ ಜೀವ ಉಳಿಸುವ ಚಿಕಿತ್ಸೆ.

ಟಿ.ಎಂ.ಎಸ್.ನಲ್ಲಿ ಇಂತಹ ಮರೆವು ಕಂಡುಬಂದಿಲ್ಲ. ಚಿಕಿತ್ಸೆಗೆ ಮುಂಚೆ ಮತ್ತು ನಂತರ ರೋಗಿಗಳ ನೆನಪನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಒಟ್ಟಾರೆ ನೆನಪು ಕುಗ್ಗಿದ್ದು ಕಾಣಲಿಲ್ಲ. ಕೆಲವರಲ್ಲಿ ಸ್ವಲ್ಪ ಸುಧಾರಿಸಿದ್ದೂ ಉಂಟು. ಹಾಗೆಂದು ಇದನ್ನು ನೆನಪಿನ ಶಕ್ತಿ ಹೆಚ್ಚಿಸುವ ಮದ್ದು ಎಂದು ತಿಳಿಯಬಾರದು. ಖಿನ್ನತೆಯೇ ಗಮನವನ್ನೂ ನೆನಪನ್ನೂ ಕದಿಯುವ ಕಾಯಿಲೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಹೇಳಿದ ಮಾತು ಮನಸ್ಸಿಗೆ ಇಳಿಯದಿರುವುದು ಇದರ ಲಕ್ಷಣಗಳೇ. ಮನಸ್ಸು ಹಗುರವಾದಂತೆ ಇವೂ ಸರಿಯಾಗಬಹುದು. ನೆನಪು ಹೋಗುತ್ತದೆಂದು ಹೆದರಿ ಚಿಕಿತ್ಸೆ ಬಿಟ್ಟವರು, ನೆನಪನ್ನು ಕೆಡಿಸುತ್ತಿರುವ ಕಾಯಿಲೆಯನ್ನೇ ಮನೆಯಲ್ಲಿ ಇಟ್ಟುಕೊಂಡಂತೆ ಆಗುತ್ತದೆ.

ಟಿ.ಎಂ.ಎಸ್.ಗೂ ತೊಂದರೆಗಳಿವೆ. ತಲೆನೋವು, ಸುರುಳಿ ಇಟ್ಟ ಜಾಗದಲ್ಲಿ ನೋವು ಸಾಮಾನ್ಯ. ಫಿಟ್ಸ್ ಬರುವುದು ತೀರಾ ಅಪರೂಪ. ತಲೆಯಲ್ಲಿ ಲೋಹದ ಚೂರು ಅಥವಾ ಕ್ಲಿಪ್, ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು, ಹಿಂದೆ ಫಿಟ್ಸ್ ಬಂದವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು.

ನಾವೇನು ಮಾಡಬಹುದು?

ನಿಜವಾದ ಅಡ್ಡಿ ಬೇರೆಯೇ ಇದೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿ.ಮೀ. ಬೆಳಗಾವಿಯಲ್ಲೇ ಚಿಕಿತ್ಸೆ ಸಿಕ್ಕರೂ 30 ದಿನ ಹೋಗಿಬರಲು 1,500 ಕಿ.ಮೀ.ಗೂ ಹೆಚ್ಚು ಪ್ರಯಾಣವಾಗುತ್ತದೆ. ಬೆಂಗಳೂರಿಗೆ ಹೋಗಬೇಕಾದರೆ ಅಲ್ಲೇ ವಾರಗಟ್ಟಲೆ ಉಳಿಯಬೇಕು. ಕೂಲಿ ಬಿಟ್ಟು ಜೊತೆಗೆ ಹೋಗುವವರು ಯಾರು? ಧರ್ಮಕೇಂದ್ರದ ಕಾರ್ಯಕರ್ತರು ಸರದಿಯಂತೆ ಜೊತೆಗೆ ಹೋದರೆ, ಬಸ್ ಖರ್ಚಿಗೆ ನೆರವಾದರೆ, ಮನೆಯ ಮಕ್ಕಳನ್ನು ಸಂಜೆಯವರೆಗೆ ನೋಡಿಕೊಂಡರೆ ಅದು ದೊಡ್ಡ ಸೇವೆ.

“ಪ್ರಾರ್ಥನೆ ಸಾಲದು, ಅದಕ್ಕೇ ಹೀಗಾಗಿದೆ” ಎಂದು ರೋಗಿಗೆ ಎಂದೂ ಹೇಳಬಾರದು. ಪ್ರಾರ್ಥನೆ ಮಾಡೋಣ, ವೈದ್ಯರ ಬಳಿಗೂ ಕರೆದೊಯ್ಯೋಣ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಬೇಡ. ಚಿಕಿತ್ಸೆಗೆ ಮುಂಚೆ ನೆನಪಿನ ಪರೀಕ್ಷೆ ಮಾಡಿಸಿ ಬರೆದಿಟ್ಟರೆ, ನಂತರ ಏನು ಬದಲಾಯಿತೆಂದು ಹೋಲಿಸಿ ನೋಡಬಹುದು.

ಯಾರಾದರೂ ಸಾಯುವ ಮಾತಾಡಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ಇಂದೇ ಬರೆದು ಹಾಕಿ.